ಬಿಟ್ಟುಕೊಟ್ಟ ಹುಡುಗರು, ಕೊಂಡು ತಂದ ಹೆಸರುಗಳು: ಬೆಂಗಳೂರು ಬುಲ್ಸ್ ಕಥೆ ನಮ್ಮ ಊರಿನ ಕಬಡ್ಡಿಗೆ ಹೇಳುವುದೇನು?

2024ರ ಡಿಸೆಂಬರ್‌ನಲ್ಲಿ ಪ್ರೊ ಕಬಡ್ಡಿ 11ನೇ ಆವೃತ್ತಿಯ ಲೀಗ್ ಪಂದ್ಯಗಳು ಮುಗಿದಾಗ ಅಂಕಪಟ್ಟಿಯ ತಳದಲ್ಲಿದ್ದ ಹೆಸರು ಬೆಂಗಳೂರು ಬುಲ್ಸ್. 12 ತಂಡಗಳಲ್ಲಿ 12ನೇ ಸ್ಥಾನ. 22 ಪಂದ್ಯ ಆಡಿ ಗೆದ್ದದ್ದು ಎರಡೇ ಎರಡು. ಆರು ವರ್ಷದ ಹಿಂದೆ ಕಪ್ ಎತ್ತಿದ್ದ ತಂಡಕ್ಕೆ ಬಂದ ಸ್ಥಿತಿ ಇದು. ಮರುವರ್ಷ, ಅಂದರೆ 2025ರ 12ನೇ ಆವೃತ್ತಿಯಲ್ಲಿ, ಅದೇ ತಂಡ ಲೀಗ್ ಹಂತವನ್ನು ಮೂರನೇ ಸ್ಥಾನದಲ್ಲಿ ಮುಗಿಸಿತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಕಬಡ್ಡಿ ಗೊತ್ತಿಲ್ಲದ ಊರು ಇಲ್ಲ. ಜಾತ್ರೆಗೆ, ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ಇಡುವವರು ನಾವು. ಹಾಗಾಗಿ ಈ ತಂಡ ಯಾಕೆ ಏಳುತ್ತದೆ, ಯಾಕೆ ಬೀಳುತ್ತದೆ ಅನ್ನುವ ಮಾತು ಟಿವಿ ನೋಡಿ ಚಪ್ಪಾಳೆ ತಟ್ಟಿ ಮುಗಿಸುವಂಥದ್ದಲ್ಲ. ಬುಲ್ಸ್ ತಂಡದ ಹನ್ನೊಂದು ವರ್ಷದ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದೇ ಪಾಠ ಮತ್ತೆ ಮತ್ತೆ ಎದುರಾಗುತ್ತದೆ. ಹುಡುಗನನ್ನು ಆರಿಸುವುದು ಅರ್ಧ ಕೆಲಸ. ಆರಿಸಿದ ಮೇಲೆ ಅವನಿಗಾಗಿ ಕಾಯುವುದು ಇನ್ನರ್ಧ.

ಆರಿಸುವ ಪದ್ಧತಿ ಎಲ್ಲಿಂದ ಬಂತು?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ‘ಡ್ರಾಫ್ಟ್’ ಅಂತ ಒಂದು ಪದ್ಧತಿ ಇದೆ. ಆ ವರ್ಷ ಹೊಸದಾಗಿ ಬರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಚೆನ್ನಾಗಿ ಸೋತ ತಂಡಗಳಿಗೆ ಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಯಾರಿಗೆ ಮೊದಲು ಅನ್ನುವುದನ್ನು 1985ರಿಂದ ಚೀಟಿ ಎತ್ತಿದ ಹಾಗೆ ಲಾಟರಿಯಲ್ಲಿ ತೀರ್ಮಾನಿಸುತ್ತಾರೆ. ಸೋತವನು ಸೋಲುತ್ತಲೇ ಇರಬಾರದು ಅನ್ನುವುದು ಇದರ ಲೆಕ್ಕಾಚಾರ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಅನ್ನುವ ತಂಡ 1996-97ರಲ್ಲಿ 82 ಪಂದ್ಯಗಳಲ್ಲಿ 62 ಸೋತಿತ್ತು. ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಸಿಕ್ಕಿ ಟಿಮ್ ಡಂಕನ್ ಎಂಬ ಹುಡುಗನನ್ನು ಆರಿಸಿತು. 1999ರಲ್ಲಿ ಚಾಂಪಿಯನ್ ಆಯಿತು.

ಆದರೆ ಆರಿಸಿದ ಮಾತ್ರಕ್ಕೆ ಆಟಗಾರ ತಯಾರಾಗುವುದಿಲ್ಲ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದ ಒಬ್ಬರು ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು ಅದೇ ಮೊದಲು. ಏಳು ಅಡಿ ಮೀರಿದ ಎತ್ತರ, ದೇಶಕ್ಕೆ ದೇಶವೇ ಸುದ್ದಿ. ಆದರೆ ಅವರು ಆಡಿದ್ದು ಕೆಳಗಿನ ಹಂತದ ಲೀಗ್‌ನಲ್ಲಿ ಮಾತ್ರ. ಎನ್‌ಬಿಎ ಅಂಕಣಕ್ಕೆ ಒಂದು ಪಂದ್ಯಕ್ಕೂ ಇಳಿಯಲಿಲ್ಲ.

ನಮ್ಮ ಕಬಡ್ಡಿಗೆ ಇಂಥ ವ್ಯವಸ್ಥೆ ಬಂದದ್ದು ಪ್ರೊ ಕಬಡ್ಡಿಯಿಂದ. 2014ರ ಜುಲೈ 26ರಂದು ಎಂಟು ತಂಡಗಳೊಂದಿಗೆ ಅದು ಶುರುವಾಯಿತು. 2017ರಲ್ಲಿ ತಂಡಗಳು 12 ಆದವು. ಅಷ್ಟು ತಂಡಗಳಿಗೆ ಆಟಗಾರರು ಬೇಕಲ್ಲ, ಅದಕ್ಕೆ ‘ಫ್ಯೂಚರ್ ಕಬಡ್ಡಿ ಹೀರೋಸ್’ ಎಂಬ ಹೆಸರಿನಲ್ಲಿ ದೇಶದ ಬೇರೆ ಬೇರೆ ಕಡೆ ಹೊಸ ಹುಡುಗರ ಆಯ್ಕೆ ನಡೆಯಿತು. ದೊಡ್ಡ ಆಟಗಾರರಿಗೆ ಹರಾಜು. ಹೊಸಬರಿಗೆ ‘ನ್ಯೂ ಯಂಗ್ ಪ್ಲೇಯರ್’ ಎಂಬ ಬೇರೆ ಬಾಗಿಲು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಇತ್ತೀಚಿನ ಆವೃತ್ತಿಗಳಲ್ಲಿ ಆಟಗಾರರ ಮೇಲೆ ಪ್ರತಿ ತಂಡ ಖರ್ಚು ಮಾಡಬಹುದಾದದ್ದು 5 ಕೋಟಿ ರೂಪಾಯಿ. ಶ್ರೀಮಂತ ಮಾಲೀಕನಿಗೂ ಅಷ್ಟೇ, ಇನ್ನೊಬ್ಬನಿಗೂ ಅಷ್ಟೇ. ಆ ಹಣದಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರ ತಂಡ ಕಟ್ಟಬೇಕು. ಒಬ್ಬ ದೊಡ್ಡ ಹೆಸರಿಗೆ ಎರಡು ಕೋಟಿ ಸುರಿದರೆ ಉಳಿದವರಿಗೆಲ್ಲ ಮೂರೇ ಕೋಟಿ. ಹಾಗಾಗಿ ಕಡಿಮೆ ಹಣಕ್ಕೆ ಬಂದ ಹುಡುಗನೊಬ್ಬ ಬೆಳೆದು ನಿಂತರೆ ಅದೇ ತಂಡಕ್ಕೆ ನಿಜವಾದ ಲಾಭ.

18ರ ಹುಡುಗ, ಆರು ಪಂದ್ಯ, ಒಂಬತ್ತು ಅಂಕ

ಬುಲ್ಸ್ ಶುರುವಿನಲ್ಲಿ ಬಡ ತಂಡವೇನೂ ಆಗಿರಲಿಲ್ಲ. ಕೋಚ್ ರಣಧೀರ್ ಸಿಂಗ್, ನಾಯಕ ಮಂಜೀತ್ ಚಿಲ್ಲರ್, ರೈಡರ್ ಅಜಯ್ ಠಾಕೂರ್. ಮೊದಲ ವರ್ಷ ಸೆಮಿಫೈನಲ್. 2015ರ ಎರಡನೇ ಆವೃತ್ತಿಯಲ್ಲಿ ಫೈನಲ್‌ಗೆ ಹೋಗಿ ಯು ಮುಂಬಾ ಎದುರು 36-30ರಲ್ಲಿ ಸೋಲು.

ಆ ಎರಡನೇ ಆವೃತ್ತಿಯಲ್ಲಿ ಬುಲ್ಸ್ ತಂಡದಲ್ಲಿ ಹರಿಯಾಣದ 18 ವರ್ಷದ ಹುಡುಗನೊಬ್ಬ ಇದ್ದ. ಆರು ಪಂದ್ಯ ಆಡಿ ಒಂಬತ್ತು ಅಂಕ ತಂದ. ಯಾರೂ ತಿರುಗಿ ನೋಡುವಂಥ ಲೆಕ್ಕ ಅಲ್ಲ ಅದು. ಮುಂದಿನ ಆವೃತ್ತಿಗೆ ಆ ಹುಡುಗ ಪಟ್ನಾ ಪೈರೇಟ್ಸ್ ಸೇರಿಕೊಂಡ. ಹೆಸರು ಪ್ರದೀಪ್ ನರ್ವಾಲ್.

ಮುಂದಿನದು ಕಬಡ್ಡಿ ನೋಡುವ ಎಲ್ಲರಿಗೂ ಗೊತ್ತು. 3, 4, 5ನೇ ಆವೃತ್ತಿಗಳಲ್ಲಿ ಪಟ್ನಾ ಸತತ ಮೂರು ಸಲ ಚಾಂಪಿಯನ್. 2017ರ ಐದನೇ ಆವೃತ್ತಿಯೊಂದರಲ್ಲೇ ಪ್ರದೀಪ್ ಗಳಿಸಿದ್ದು 369 ರೈಡ್ ಅಂಕ. ಎದುರಾಳಿಗಳ ಕೈಗಳ ಕೆಳಗಿನಿಂದ ನುಸುಳಿ ಗೆರೆ ಮುಟ್ಟುವ ಆತನ ‘ಡುಬ್ಕಿ’ಯನ್ನು ನಮ್ಮ ಊರಿನ ಹುಡುಗರೂ ಮಣ್ಣಿನಲ್ಲಿ ಬಿದ್ದು ಎದ್ದು ಕಲಿತರು.

ಇತ್ತ ಬುಲ್ಸ್? ಮಂಜೀತ್, ಅಜಯ್ ಇಬ್ಬರೂ 2016ರಲ್ಲಿ ಪುಣೇರಿ ಪಲ್ಟನ್ ಪಾಲಾದರು. ಮೂರನೇ, ನಾಲ್ಕನೇ, ಐದನೇ ಆವೃತ್ತಿಗಳಲ್ಲಿ ಬುಲ್ಸ್ ಮುಂದಿನ ಹಂತಕ್ಕೇ ಹೋಗಲಿಲ್ಲ. ಹಿರಿಯರು ಹೋದರು, ಅವರ ಜಾಗ ತುಂಬಬಹುದಾಗಿದ್ದ ಕಿರಿಯನೂ ಹೋಗಿಯಾಗಿತ್ತು. ಕಂಠೀರವ ಒಳಾಂಗಣ ಕ್ರೀಡಾಂಗಣ ಸಿಗದೆ 2017ರಲ್ಲಿ ನಾಗಪುರದಲ್ಲಿ, 2018ರಲ್ಲಿ ಪುಣೆಯಲ್ಲಿ ‘ತವರಿನ’ ಪಂದ್ಯ ಆಡುವ ಸ್ಥಿತಿಯೂ ಬಂತು.

ವಾಪಸ್ ಬಂದ ಪವನ್

2016ರ ಮೂರನೇ ಆವೃತ್ತಿಯಲ್ಲಿ ದೆಹಲಿ ಕಡೆಯ ಇನ್ನೊಬ್ಬ ಹುಡುಗ ಬುಲ್ಸ್ ಪರ ಆಡಲು ಶುರು ಮಾಡಿದ. ಎರಡು ಆವೃತ್ತಿ ಆಡಿ ಐದನೆಯದಕ್ಕೆ ಗುಜರಾತ್ ತಂಡಕ್ಕೆ ಹೋದ. ಅಲ್ಲಿ ಆಡಲು ಹೆಚ್ಚು ಅವಕಾಶ ಸಿಗಲಿಲ್ಲ. ಈ ಸಲ ಬುಲ್ಸ್ ಆ ಹುಡುಗನನ್ನು ಮರೆಯಲಿಲ್ಲ. 2018ರ ಹರಾಜಿನಲ್ಲಿ 52.8 ಲಕ್ಷ ಕೊಟ್ಟು ವಾಪಸ್ ಕರೆತಂದಿತು. ಹಿಂದಿನ ವರ್ಷ ಬೆಂಚಿನಲ್ಲಿ ಕುಳಿತವನಿಗೆ ಇಷ್ಟು ಹಣವೇ ಅಂದವರಿದ್ದರು.

ಆತ ಪವನ್ ಸೆಹ್ರಾವತ್. ಆ ಆವೃತ್ತಿಯಲ್ಲಿ 271 ರೈಡ್ ಅಂಕ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ, ತನ್ನನ್ನು ಬೆಂಚಿನಲ್ಲಿ ಕೂರಿಸಿದ್ದ ಅದೇ ಗುಜರಾತ್ ಎದುರು, ಒಬ್ಬನೇ 22 ಅಂಕ ತಂದ. 38-33ರಲ್ಲಿ ಬುಲ್ಸ್ ಮೊದಲ ಸಲ ಚಾಂಪಿಯನ್. ನಾಯಕ ರೋಹಿತ್ ಕುಮಾರ್ ಅವರನ್ನು ಹಿಂದಿನ ವರ್ಷವೇ 81 ಲಕ್ಷಕ್ಕೆ ಕೊಂಡು ತಂದಿದ್ದರು, ನಿಜ. ಆದರೆ ಕಪ್ ತಂದದ್ದು ತಂಡಕ್ಕೆ ಮೊದಲೇ ಗೊತ್ತಿದ್ದ ಹುಡುಗ.

ಇದಾದ ಮೇಲೆ ಬುಲ್ಸ್ ಕೆಲವು ವರ್ಷ ಸರಿದಾರಿಯಲ್ಲಿ ನಡೆಯಿತು. 2019ರಲ್ಲಿ ಸೌರಭ್ ನಂದಾಲ್ ಎಂಬ ಹೊಸ ಡಿಫೆಂಡರ್ ಬಂದ. 2021-22ರಲ್ಲಿ ಭರತ್ ಎಂಬ ಹೊಸ ರೈಡರ್ ಬಂದ. ಇಬ್ಬರೂ ಹರಾಜಿನ ಅಬ್ಬರವಿಲ್ಲದೆ, ಹೊಸಬರ ಬಾಗಿಲಿನಿಂದ ಬಂದವರು. 7, 8, 9ನೇ ಆವೃತ್ತಿಗಳಲ್ಲಿ ಸತತವಾಗಿ ಸೆಮಿಫೈನಲ್.

2022ರಲ್ಲಿ ಪವನ್ ತಂಡ ಬಿಟ್ಟರು. ತಮಿಳ್ ತಲೈವಾಸ್ ಅವರನ್ನು 2.26 ಕೋಟಿಗೆ ಕೊಂಡಿತು. ಆ ಜಾಗ ತುಂಬಲು ಬುಲ್ಸ್ ವಿಕಾಸ್ ಖಂಡೋಲಾ ಅವರಿಗೆ 1.70 ಕೋಟಿ ಕೊಟ್ಟಿತು. ಆದರೆ ಆ ವರ್ಷ ತಂಡವನ್ನು ಹೊತ್ತು ನಡೆದದ್ದು ಭರತ್: 279 ರೈಡ್ ಅಂಕ. ಕೋಟಿ ಕೊಟ್ಟು ತಂದವರಿಗಿಂತ ಮನೆಯಲ್ಲಿ ಬೆಳೆದವನೇ ಕೈ ಹಿಡಿದ.

ಹೆಸರು ನಂಬಿ ಬಿದ್ದ ವರ್ಷ

ಇಷ್ಟು ಕಂಡಮೇಲೂ 10ನೇ ಆವೃತ್ತಿಯಲ್ಲಿ ಬುಲ್ಸ್ ಮೊದಲ ಆರರಲ್ಲಿ ಬರಲಿಲ್ಲ. 2024ರ ಹರಾಜಿನಲ್ಲಿ ಭರತ್ ಕೈತಪ್ಪಿದರು. ಯು.ಪಿ. ಯೋಧಾಸ್ 1.30 ಕೋಟಿ ಕೊಟ್ಟು ಕರೆದುಕೊಂಡಿತು. ಅದೇ ಹರಾಜಿನಲ್ಲಿ ಬುಲ್ಸ್ 70 ಲಕ್ಷ ಕೊಟ್ಟು ತಂದ ಹೆಸರು ಯಾವುದು ಗೊತ್ತೇ? ಪ್ರದೀಪ್ ನರ್ವಾಲ್. ಹದಿನೆಂಟರಲ್ಲಿ ಬಿಟ್ಟುಕೊಟ್ಟ ಹುಡುಗನನ್ನು ಒಂಬತ್ತು ವರ್ಷದ ಮೇಲೆ ನಾಯಕನಾಗಿ ಮನೆಗೆ ಕರೆದದ್ದು.

ಪ್ರದೀಪ್ ಅವರಿಗೆ ಆಗ 27 ವರ್ಷ. ವಯಸ್ಸು ಹೆಚ್ಚೇನಲ್ಲ. ಆದರೆ ಡುಬ್ಕಿ ಹೊಡೆದು ಹೊಡೆದು ಸಾವಿರದ ಏಳುನೂರರ ಹತ್ತಿರ ಅಂಕ ತಂದ ಮೈ ಅದು. ಎದುರಾಳಿ ಡಿಫೆಂಡರ್‌ಗಳೆಲ್ಲ ಅವರ ಆಟ ನೋಡಿಯೇ ಬೆಳೆದವರು. ತಂಡ ಕೊಂಡದ್ದು ಅವರ ನಿನ್ನೆಯ ಆಟವನ್ನು. ಆ ವರ್ಷದ ಲೆಕ್ಕ ಮೇಲೆಯೇ ಹೇಳಿದ್ದೇವೆ: 22ರಲ್ಲಿ ಎರಡು ಗೆಲುವು. ಭರತ್ ಆಡಿದ ಯು.ಪಿ. ಸೆಮಿಫೈನಲ್ ತಲುಪಿತು. 2025ರ ಹರಾಜಿನಲ್ಲಿ ಪ್ರದೀಪ್ ಅವರನ್ನು ಯಾರೂ ಕೊಳ್ಳಲಿಲ್ಲ. ಅವರು ನಿವೃತ್ತಿ ಹೇಳಿದರು. ಪ್ರೊ ಕಬಡ್ಡಿಯಲ್ಲಿ 1,800 ದಾಟಿದ ರೈಡ್ ಅಂಕಗಳೊಂದಿಗೆ ಹೋದ ಆ ಆಟಗಾರನಿಗೆ ಈ ಸೋಲಿನ ಹೊರೆ ಹೊರಿಸುವುದು ನ್ಯಾಯವಲ್ಲ. ಬೆಳೆಯುವ ಕಾಲದಲ್ಲಿ ಬಿಟ್ಟು, ದಣಿದ ಕಾಲದಲ್ಲಿ ಕೊಂಡದ್ದು ತಂಡ.

ಕನ್ನಡದ ಕೋಚ್ ಬಂದಮೇಲೆ

ಹನ್ನೊಂದು ಆವೃತ್ತಿಗಳ ಮೇಲೆ ಕೋಚ್ ಬದಲಾದರು. ಬಂದವರು ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಅವರ ಕೈಯಲ್ಲಿ ಬೆಂಗಾಲ್ ವಾರಿಯರ್ಸ್ 2019ರಲ್ಲಿ, ಪುಣೇರಿ ಪಲ್ಟನ್ 2024ರಲ್ಲಿ ಚಾಂಪಿಯನ್ ಆಗಿದ್ದವು. ಪುಣೇರಿಯದು ಈ ಲೇಖನಕ್ಕೆ ತಕ್ಕ ಉದಾಹರಣೆ. ಆ ತಂಡಕ್ಕೆ ‘ಯುವ ಪಲ್ಟನ್’ ಎಂಬ ಕಿರಿಯರ ಪಡೆ ಇದೆ. ಅಸ್ಲಂ ಇನಾಂದಾರ್, ಮೋಹಿತ್ ಗೋಯತ್ ತರಹದ ಹುಡುಗರು ಹೊಸಬರಾಗಿ ಸೇರಿ, ಸೋಲು ಗೆಲುವು ಒಟ್ಟಿಗೆ ಕಂಡು, 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಕಪ್ ಎತ್ತಿದರು. ಆ ದಿನ ಅಸ್ಲಂ ನಾಯಕ.

2025ರಲ್ಲಿ ಬುಲ್ಸ್ ತಂಡವನ್ನು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಿದರು. ರಕ್ಷಣೆಗೆ ಯೋಗೇಶ್ ದಹಿಯಾ ಅವರಿಗೆ ಕೋಟಿ ಮೀರಿ ಕೊಟ್ಟದ್ದೂ ಹೌದು. ಹಣವೇ ಖರ್ಚು ಮಾಡಬಾರದು ಅನ್ನುವುದು ನಮ್ಮ ವಾದವಲ್ಲ. ಆದರೆ ಅವರ ಜೊತೆಗೆ ನಿಂತವರು ಯಾರು ನೋಡಿ. ಇರಾನಿನ ಅಲಿರೆಜಾ ಮಿರ್ಜೈಯಾನ್, ಅಷ್ಟೇನೂ ಹೆಸರಿಲ್ಲದೆ ಬಂದ ಡಿಫೆಂಡರ್ ದೀಪಕ್ ಶಂಕರ್. ಆಟಗಾರರ ಪಟ್ಟಿಯಲ್ಲಿ ಗಣೇಶ ಹನಮಂತಗೋಳ, ಸತ್ಯಪ್ಪ ಮಟ್ಟಿ ಅನ್ನುವಂಥ ನಮ್ಮ ನಾಡಿನ ಹೆಸರುಗಳೂ ಕಂಡವು.

ಮೊದಲ ಮೂರು ಪಂದ್ಯ ಸೋತರು. ಹಿಂದಿನ ವರ್ಷದ ಕಥೆಯೇ ಮತ್ತೆ ಅಂತ ಎಲ್ಲರೂ ಅಂದುಕೊಂಡರು. ಗಾಬರಿಬಿದ್ದು ತಂಡವನ್ನೇ ಬದಲಿಸುವ ಹೊತ್ತು ಅದು. ಬದಲಿಸಲಿಲ್ಲ, ನಂಬಿದವರನ್ನು ಆಡಿಸಿದರು. ಲೀಗ್ ಮುಗಿದಾಗ 18 ಪಂದ್ಯಗಳಲ್ಲಿ 11 ಗೆಲುವು, ಮೂರನೇ ಸ್ಥಾನ. ಪ್ಲೇ ಆಫ್‌ನಲ್ಲಿ ಸೋತು ಕಪ್ ತಪ್ಪಿತು. ಆದರೂ ತಳ ಕಂಡ ತಂಡ ಒಂದೇ ವರ್ಷದಲ್ಲಿ ಎದ್ದು ನಿಂತಿತ್ತು.

ಹೆಸರು ನಮ್ಮದು, ಹುಡುಗರು ಎಲ್ಲಿಯವರು?

ಇಷ್ಟು ಹೊತ್ತು ಹೇಳಿದ ಹೆಸರುಗಳಲ್ಲಿ ಹೆಚ್ಚಿನವು ಹರಿಯಾಣ, ದೆಹಲಿ ಕಡೆಯವು. ಬೆಂಗಳೂರು ಅಂತ ಎದೆಯ ಮೇಲೆ ಬರೆದುಕೊಂಡ ತಂಡದಲ್ಲಿ ಬೆಂಗಳೂರಿಗೆ ಒಂದು ಗಂಟೆ ದಾರಿಯ ನಮ್ಮ ಹುಡುಗರು ಯಾಕಿಲ್ಲ?

ನಮ್ಮ ನಾಡಿಗೆ ಆಟ ಬರುವುದಿಲ್ಲ ಅಂತೇನಿಲ್ಲ. 2017ರಲ್ಲಿ ಗುಜರಾತ್ ತಂಡವನ್ನು ಫೈನಲ್‌ಗೆ ಕರೆದೊಯ್ದ ನಾಯಕ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ. 2022ರ ಫೆಬ್ರವರಿಯಲ್ಲಿ ಪಟ್ನಾ ತಂಡ ಫೈನಲ್ ಆಡಿ ಒಂದೇ ಅಂಕದಿಂದ ಸೋತಾಗ ನಾಯಕ ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ. ಹೆಣ್ಣುಮಕ್ಕಳಲ್ಲಿ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದವರು, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ.

ಕರಾವಳಿಯಲ್ಲಿ ಕಾಲೇಜುಗಳು ಆಟಗಾರರಿಗೆ ಊಟ, ವಸತಿ, ಓದು ಕೊಟ್ಟು ಸಾಕುತ್ತವೆ. ಮೂಡುಬಿದಿರೆಯ ಆಳ್ವಾಸ್‌ನ ಕ್ರೀಡಾ ದತ್ತು ಯೋಜನೆ ಅದಕ್ಕೆ ಹೆಸರುವಾಸಿ. ಹರಿಯಾಣದ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ, ವರ್ಷವಿಡೀ ಅಭ್ಯಾಸ ನಡೆಯುತ್ತದೆ. ಆಡಿದವನಿಗೆ ರೈಲ್ವೆ, ಸೇನೆ, ಪೊಲೀಸ್‌ನಲ್ಲಿ ಕೆಲಸ ಸಿಗುತ್ತದೆ ಅನ್ನುವ ನಂಬಿಕೆ ತಂದೆ ತಾಯಿಗೂ ಇದೆ. ಅಲ್ಲೆಲ್ಲ ಹುಡುಗನಿಗೆ ಆಡಲು ಐದಾರು ವರ್ಷ ಸಿಗುತ್ತದೆ. ನಮ್ಮಲ್ಲಿ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಶಾಲೆಯ ಕ್ರೀಡಾಕೂಟದಲ್ಲಿ ಮಿಂಚಿದ ಹುಡುಗ ಎಸ್ಸೆಸ್ಸೆಲ್ಸಿ ದಾಟುತ್ತಿದ್ದಂತೆ ಕಣ್ಮರೆ. ಒಬ್ಬ ಬಿಡದಿ ಕಡೆ ಕಾರ್ಖಾನೆಗೆ ಹೋಗುತ್ತಾನೆ, ಇನ್ನೊಬ್ಬ ಮನೆಯಲ್ಲಿ ಹುಳುವಿಗೆ ಸೊಪ್ಪು ಹಾಕುತ್ತಾನೆ. ದುಡಿಮೆಯಲ್ಲಿ ತಪ್ಪಿಲ್ಲ. ಆದರೆ 16ರಿಂದ 20ರ ನಡುವಿನ ಆ ನಾಲ್ಕು ವರ್ಷವೇ ಆಟಗಾರ ಹುಟ್ಟುವ ಕಾಲ.

ಒಂದು ರಾತ್ರಿಯ ಕಪ್

ಇನ್ನು ನಮ್ಮ ಪಂದ್ಯಾವಳಿಗಳ ವಿಚಾರ. ಎಷ್ಟೋ ಊರುಗಳಲ್ಲಿ ಜಾತ್ರೆ ಕಬಡ್ಡಿಗೆ ಬಹುಮಾನ ದೊಡ್ಡದಾದಷ್ಟೂ ಹೊರಗಿನ ಆಟಗಾರರು ಹೆಚ್ಚುತ್ತಾರೆ. ಒಂದು ರಾತ್ರಿಗೆ ಇಷ್ಟು ಅಂತ ಮಾತಾಡಿ, ಗಾಡಿ ಮಾಡಿ, ದೂರದಿಂದ ರೈಡರ್ ಕರೆಸುತ್ತಾರೆ. ತಂಡದ ಹೆಸರು ಮಾತ್ರ ಊರಿನದು. ಬನಿಯನ್ನಿನ ಮೇಲೆ ಗ್ರಾಮದೇವತೆಯ ಹೆಸರು, ಒಳಗಿರುವವರು ಯಾರೋ. ವರ್ಷವಿಡೀ ಸಂಜೆ ಮೈದಾನದಲ್ಲಿ ಮಣ್ಣು ಮೆತ್ತಿಕೊಂಡ ಊರಿನ ಹುಡುಗ ಆ ರಾತ್ರಿ ಗೆರೆಯಾಚೆ ನಿಂತು ನೀರಿನ ಬಾಟಲಿ ಹಿಡಿದಿರುತ್ತಾನೆ.

ಕಪ್ ಬರುತ್ತದೆ, ಫ್ಲೆಕ್ಸ್ ಕಟ್ಟುತ್ತಾರೆ. ಮುಂದಿನ ವರ್ಷ ಆ ರೈಡರ್ ಪಕ್ಕದ ಊರಿಗೆ ಆಡುತ್ತಾನೆ. ಬುಲ್ಸ್ 2024ರಲ್ಲಿ ಮಾಡಿದ್ದೂ ಇದನ್ನೇ, ದೊಡ್ಡ ಅಳತೆಯಲ್ಲಿ. ವ್ಯತ್ಯಾಸ ಇಷ್ಟೇ: ಅವರಿಗೆ ಮರುವರ್ಷ ಹರಾಜಿನಲ್ಲಿ ತಿದ್ದಿಕೊಳ್ಳಲು ಅವಕಾಶ ಸಿಕ್ಕಿತು. ನಮ್ಮ ಊರಿನ ಹುಡುಗನಿಗೆ 18 ವರ್ಷ ಎರಡು ಸಲ ಬರುವುದಿಲ್ಲ.

ಬಾಗಿಲು ಎಲ್ಲಿದೆ?

ಹಾಗಾದರೆ ಕನಕಪುರದ ಸಾತನೂರಿನ ಹುಡುಗನೋ ಮಾಗಡಿಯ ಕುದೂರಿನ ಹುಡುಗಿಯೋ ಮೇಲೆ ಹೋಗುವ ದಾರಿ ಯಾವುದು?

ಮೊದಲನೆಯದು ವಯಸ್ಸು ಮತ್ತು ತೂಕ. ಸಬ್ ಜೂನಿಯರ್ ವಿಭಾಗಕ್ಕೆ 16 ವರ್ಷದೊಳಗೆ, 55 ಕೆ.ಜಿ. ಒಳಗೆ ಇರಬೇಕು. ಅದರ ಮೇಲೆ 20ರೊಳಗಿನವರ ಜೂನಿಯರ್ ವಿಭಾಗ. ಸೀನಿಯರ್ ಗಂಡಸರಿಗೆ ತೂಕದ ಮಿತಿ 85 ಕೆ.ಜಿ. ಈ ಮೆಟ್ಟಿಲುಗಳನ್ನು ಹತ್ತಬೇಕಾದರೆ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರರಲ್ಲೂ ಒಂದೇ ಹುಟ್ಟಿದ ದಿನ ಇರಬೇಕು. ಇದು ಸಣ್ಣ ವಿಷಯ ಅನಿಸಬಹುದು. ಆಯ್ಕೆಯ ದಿನ ಇದೊಂದೇ ಸಾಕು, ಹುಡುಗನನ್ನು ವಾಪಸ್ ಕಳಿಸಲು.

ಎರಡನೆಯದು ಕಾಲೇಜು. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಮೊದಲ ಎರಡು ಸ್ಥಾನ ಪಡೆದ ಕಬಡ್ಡಿ ತಂಡಗಳ ಆಟಗಾರರನ್ನು ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ ಸೇರಿಸುವ ಪದ್ಧತಿ ಈಗ ಬಂದಿದೆ. 2022ರ ಏಪ್ರಿಲ್-ಮೇ ತಿಂಗಳಲ್ಲಿ ಆ ಕ್ರೀಡಾಕೂಟದ ಆತಿಥ್ಯ ವಹಿಸಿದ್ದು ಜೈನ್ ವಿಶ್ವವಿದ್ಯಾಲಯ. ಅದರ ದೊಡ್ಡ ಕ್ಯಾಂಪಸ್ ಇರುವುದು ನಮ್ಮ ಕನಕಪುರ ರಸ್ತೆಯ ಜಕ್ಕಸಂದ್ರದ ಹತ್ತಿರ. ಹಾಗಾಗಿ ಪಿಯುಸಿ ಆದಮೇಲೆ ಓದು ಬಿಟ್ಟ ಆಟಗಾರ ಒಂದು ದೊಡ್ಡ ಬಾಗಿಲನ್ನು ತಾನೇ ಮುಚ್ಚಿಕೊಂಡ ಹಾಗೆ.

ಮೂರನೆಯದು ಮ್ಯಾಟ್. ಮಣ್ಣಿನಲ್ಲಿ ಕಾಲು ಜಾರುತ್ತದೆ, ಮ್ಯಾಟ್‌ನಲ್ಲಿ ಕಾಲು ಹಿಡಿದುಕೊಳ್ಳುತ್ತದೆ. ಮಣ್ಣಿನಲ್ಲಷ್ಟೇ ಆಡಿದವನು ಮ್ಯಾಟ್‌ಗೆ ಬಂದು ಅದೇ ವೇಗದಲ್ಲಿ ತಿರುಗಿದರೆ ಮಂಡಿಗೆ ಪೆಟ್ಟು. ತಾಲ್ಲೂಕಿಗೆ ಒಂದಾದರೂ ಮ್ಯಾಟ್ ಅಂಕಣ ಎಲ್ಲ ಊರಿನ ಮಕ್ಕಳಿಗೂ ಸಿಗುವಂತಾಗಬೇಕು.

ಹೆಣ್ಣುಮಕ್ಕಳಿಗೆ ಈ ಬಾಗಿಲುಗಳು ಇನ್ನೂ ಕಿರಿದು. 2016ರಲ್ಲಿ ಪ್ರೊ ಕಬಡ್ಡಿ ಜೊತೆಗೆ ಮೂರು ತಂಡಗಳ ‘ಮಹಿಳಾ ಕಬಡ್ಡಿ ಚಾಲೆಂಜ್’ ನಡೆಯಿತು. ಫೈನಲ್‌ನಲ್ಲಿ ತೇಜಸ್ವಿನಿ ಬಾಯಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್, ಮಮತಾ ಪೂಜಾರಿ ನಾಯಕತ್ವದ ಫೈರ್ ಬರ್ಡ್ಸ್ ತಂಡವನ್ನು 24-23ರಲ್ಲಿ ಸೋಲಿಸಿತು. ಎರಡೂ ತಂಡಕ್ಕೆ ನಾಯಕಿಯರು ಕನ್ನಡತಿಯರು! ಆದರೆ ಆ ಪಂದ್ಯಾವಳಿ ಅಲ್ಲಿಗೇ ನಿಂತಿತು.

ಸರ್ಕಾರ, ಸಂಸ್ಥೆಗಳು ಮಾಡಬೇಕಾದದ್ದು ಬಹಳ ಇದೆ. ಅದು ಆಗುವವರೆಗೆ ನಾವೂ ನೀವೂ ಸುಮ್ಮನೆ ಕೂರಬೇಕಿಲ್ಲ. ಪಂದ್ಯಾವಳಿ ಇಡುವ ಸಮಿತಿಗಳಿಗೆ ಒಂದು ಮಾತು: ಈ ಸಲ ಕರಪತ್ರ ಅಚ್ಚು ಹಾಕಿಸುವಾಗ ನಿಯಮಗಳ ಜಾಗದಲ್ಲಿ ಎರಡು ಸಾಲು ಸೇರಿಸಿ. ಅಂಕಣದಲ್ಲಿರುವ ಏಳು ಜನರಲ್ಲಿ ಕನಿಷ್ಠ ಐವರು ಅದೇ ಪಂಚಾಯಿತಿಯವರು. ಅವರಲ್ಲಿ ಇಬ್ಬರು 18 ವರ್ಷದೊಳಗಿನವರು. ಇದಕ್ಕೆ ಹೆಚ್ಚಿಗೆ ಒಂದು ರೂಪಾಯಿಯೂ ಬೇಡ.

ಮೊದಲ ವರ್ಷ ಆ ಹುಡುಗರು ಸೋಲುತ್ತಾರೆ. ನೋಡಲು ಬಂದವರು ಕೂಗುತ್ತಾರೆ, ಹೊರಗಿನವನನ್ನು ಕರೆಸಬೇಕಿತ್ತು ಅಂತ ಬೈಯುತ್ತಾರೆ. ಆಗ ಆರು ಪಂದ್ಯ ಆಡಿ ಒಂಬತ್ತೇ ಅಂಕ ತಂದ 18ರ ಹುಡುಗನ ಲೆಕ್ಕವನ್ನು ಅವರಿಗೆ ಹೇಳಿ.